ಬಿಲ್ಲು, ಜಿಮ್, ದಿನದ ಕೆಲಸ: ಮೂರಕ್ಕೂ ಇರುವುದು ಅವೇ ಎರಡು ಭುಜ

ಸಂಜೆಬಾಣ:
ಎಲ್ಲರಿಗೂ ನಮಸ್ಕಾರ. ನಾನು ರಿಕರ್ವ್ ಬಿಲ್ಲು (ತುದಿಗಳು ಹೊರಕ್ಕೆ ಬಾಗಿರುವ ಬಿಲ್ಲು) ಹಿಡಿಯುವವಳು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಸಂಜೆ ಒಂದು ದಿನ ರೇಂಜ್ (ಬಾಣ ಹೊಡೆಯುವ ಮೈದಾನ), ಮರುದಿನ ಜಿಮ್, ಹೀಗೆ ಅದಲು ಬದಲಾಗಿ ನಡೆಯುತ್ತಿದೆ. ಮನೆ ಕೆಲಸವೂ ಇದ್ದೇ ಇದೆ. ರೇಂಜಿನಲ್ಲಿ ಮೊದಲರ್ಧ ಬಾಣಗಳು ಒಂದೇ ಗುಂಪಾಗಿ ಬೀಳುತ್ತವೆ. ಆಮೇಲೆ ಚದುರುತ್ತವೆ, ಕ್ಲಿಕ್ಕರ್ (ಬಾಣ ಪೂರ್ತಿ ಎಳೆದಾಗ ಟಕ್ ಎನ್ನುವ ಪುಟ್ಟ ಪಟ್ಟಿ) ದಾಟಿಸುವುದೇ ಕಷ್ಟವಾಗುತ್ತದೆ, ಉಸಿರು ಬಿಗಿ ಹಿಡಿದು ಎಳೆಯಬೇಕಾಗುತ್ತದೆ. ಜಿಮ್‌ನಲ್ಲೂ ಭಾರ ಏರುತ್ತಿಲ್ಲ. ಈಗ 28 ಪೌಂಡ್ ಎಳೆತದ ಲಿಂಬ್ಸ್ (ಬಿಲ್ಲಿನ ಬಾಗುವ ಎರಡು ತೋಳು) ಇದೆ, 32ಕ್ಕೆ ಹೋಗಬೇಕು ಅಂತ ಆಸೆ. ಜಿಮ್ ಬಿಡಬೇಕಾ, ಬಾಣ ಕಡಿಮೆ ಮಾಡಬೇಕಾ, ಇಲ್ಲಾ ದಿನಗಳನ್ನು ಬೇರೆ ರೀತಿ ಜೋಡಿಸಿದರೆ ಸಾಕಾ? ಎರಡನ್ನೂ ಬಿಡುವ ಮನಸ್ಸಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೆಬಿಲ್ಲು:
ನೀವು ರೇಂಜ್ ದಿನವನ್ನು ಆಟ ಅಂತ, ಜಿಮ್ ದಿನವನ್ನು ವ್ಯಾಯಾಮ ಅಂತ ಬೇರೆ ಬೇರೆ ಖಾತೆಯಲ್ಲಿ ಇಟ್ಟಿದ್ದೀರಿ. ಭುಜಕ್ಕೆ ಎರಡು ಖಾತೆ ಇಲ್ಲ ಮೇಡಂ. ಎರಡೂ ದಿನ ದುಡಿಯುವುದು ಅದೇ ಸ್ನಾಯುಗಳು. ಸಮಸ್ಯೆ ಅಲ್ಲಿಂದಲೇ ಶುರುವಾಗಿದೆ ಅನ್ನಿಸುತ್ತದೆ.

ಸುಮ್ನೆ ಲೆಕ್ಕ ಹಾಕಿ ನೋಡಿ. 28 ಪೌಂಡ್ ಅಂದರೆ ಸುಮಾರು 12.7 ಕಿಲೋ. 70 ಮೀಟರ್ ರ‍್ಯಾಂಕಿಂಗ್ ಸುತ್ತಿನ 72 ಬಾಣ ಹೊಡೆದರೆ ಒಟ್ಟು 900 ಕಿಲೋಗೂ ಜಾಸ್ತಿ ಎಳೆದ ಹಾಗಾಯಿತು. ಅಭ್ಯಾಸದ ಬಾಣಗಳು ಇದಕ್ಕೆ ಸೇರಿಲ್ಲ. ಎಳೆದ ತಕ್ಷಣ ಬಿಡುವುದೂ ಅಲ್ಲ, ಕೈಯನ್ನು ಗದ್ದದ ಕೆಳಗೆ ನಿಲ್ಲುವ ಜಾಗಕ್ಕೆ, ಅಂದರೆ ಆಂಕರ್‌ಗೆ ತಂದು, ಗುರಿ ಕೂಡಿಸಿ, ಕ್ಲಿಕ್ಕರ್ ಬೀಳುವ ತನಕ ಬೆನ್ನಿನಿಂದ ಎಳೆಯುತ್ತಲೇ ಇರಬೇಕು. ಜೊತೆಗೆ ನಡಿಗೆ. ಸಲಕ್ಕೆ 6 ಬಾಣದಂತೆ 12 ಸಲ, ಪ್ರತಿ ಸಲ ಹೋಗಿ ಬರಲು 140 ಮೀಟರ್, ಅಲ್ಲಿಗೆ ಸುಮಾರು 1.7 ಕಿಲೋಮೀಟರ್ ಆಯಿತು. ಇಷ್ಟು ಮಾಡಿದ ಮರುದಿನ ಜಿಮ್‌ಗೆ ಹೋಗಿ ಬೆನ್ನು, ಭುಜದ ವ್ಯಾಯಾಮ ಮಾಡಿದರೆ ಅದು ಬೇರೆ ವ್ಯಾಯಾಮ ಅಲ್ಲ, ನಿನ್ನೆಯದರ ಮುಂದುವರಿಕೆ.

ಇನ್ನೊಂದು ಮಾತು. ಲಿಂಬ್ ಮೇಲೆ ಬರೆದಿರುವ ಪೌಂಡ್ 28 ಇಂಚು ಎಳೆತಕ್ಕೆ ಅಳೆದದ್ದು. ನಿಮ್ಮ ಎಳೆತ ಅದಕ್ಕಿಂತ ಉದ್ದ ಇದ್ದರೆ ಇಂಚಿಗೆ ಹೆಚ್ಚುಕಡಿಮೆ 2 ಪೌಂಡ್ ಏರುತ್ತದೆ, ಗಿಡ್ಡ ಇದ್ದರೆ ಇಳಿಯುತ್ತದೆ. ಬಿಲ್ಲು ತೂಗುವ ತಕ್ಕಡಿ ಕೋಚ್ ಹತ್ತಿರ ಇರುತ್ತದೆ, ಕೊಕ್ಕೆ ಹಾಕಿ ಎಳೆದು ನಿಮ್ಮ ಬೆರಳಿಗೆ ನಿಜವಾಗಿ ಎಷ್ಟು ಬರುತ್ತದೆ ನೋಡಿ. ಆಮೇಲೆ ಉಳಿದ ಮಾತು.

ಸಂಜೆಬಾಣ:
ಈ ಲೆಕ್ಕ ಯಾರೂ ಹೇಳಿರಲಿಲ್ಲ ಸರ್. ಹಾಗಾದರೆ ಜಿಮ್ ಬಿಟ್ಟುಬಿಡುವುದೇ ಒಳ್ಳೆಯದಾ?

ಕಬ್ಬಿಣದ ಗೆಳೆಯ:
ದಯವಿಟ್ಟು ಬಿಡಬೇಡಿ! ಬಿಲ್ಲುಗಾರರಲ್ಲಿ ಈ ಒಂದು ಯೋಚನೆ ಹೋಗಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ. ಬಿಲ್ಲು ಒಂದೇ ಬದಿಯ ಆಟ. ಬಲಗೈಯಲ್ಲಿ ಎಳೆಯುವವರು ವರ್ಷಗಟ್ಟಲೆ ಬಲಗೈಯಲ್ಲೇ ಎಳೆಯುತ್ತಾರೆ, ಎಡಗೈಯಲ್ಲೇ ತಳ್ಳುತ್ತಾರೆ. ಸೊಂಟ, ಕಾಲು, ಹೊಟ್ಟೆಯ ಸ್ನಾಯುಗಳಿಗೆ ನಿಲ್ಲುವ ಕೆಲಸ ಬಿಟ್ಟರೆ ಬೇರೆ ಏನೂ ಸಿಗುವುದಿಲ್ಲ. ಜಿಮ್ ಇಲ್ಲದಿದ್ದರೆ ಇದನ್ನು ಸರಿದೂಗಿಸುವುದು ಯಾವುದು?

ಮಾಡಬೇಕಾದ್ದು ಏನೆಂದರೆ, ಜಿಮ್‌ನಲ್ಲಿ ಯಾವ ವ್ಯಾಯಾಮ ಯಾವ ದಿನ ಅನ್ನುವುದನ್ನು ಬಿಲ್ಲು ನೋಡಿ ಇಡುವುದು. ರೇಂಜಿನ ಹಿಂದಿನ ದಿನ ಕಾಲು ಮಾಡಿ. ಸ್ಕ್ವಾಟ್, ಲಂಜ್, ಪ್ಲ್ಯಾಂಕ್. ಕಾಲಿಗೆ ನೋವಿದ್ದರೂ ಬಾಣ ಹೊಡೆಯಬಹುದು, ಭುಜಕ್ಕೆ ನೋವಿದ್ದರೆ ಆಗುವುದಿಲ್ಲ. ಭುಜ, ಎದೆ, ಬೆನ್ನಿನ ಭಾರದ ವ್ಯಾಯಾಮವನ್ನು ರೇಂಜ್ ಮುಗಿದ ಮೇಲೆ ಅದೇ ದಿನ ಮಾಡಿ, ಇಲ್ಲಾ ಮುಂದಿನ ರೇಂಜ್ ದಿನಕ್ಕೆ ಎರಡು ದಿನ ಅಂತರ ಇರುವಾಗ ಮಾಡಿ. ಹೊಸ ಭಾರ ಎತ್ತಿದ ಮೇಲೆ ಬರುವ ಸ್ನಾಯು ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತದೆ. ಸೋಮವಾರ ಭುಜ ಮಾಡಿ ಮಂಗಳವಾರ ರೇಂಜಿಗೆ ಹೋದರೆ ಆ ನೋವಿನ ಹೊತ್ತಿಗೆ ಸರಿಯಾಗಿ ಬಿಲ್ಲು ಎತ್ತಿದ ಹಾಗೆ.

ಬೇಕಾಗಿರುವ ವ್ಯಾಯಾಮಗಳೂ ತುಂಬಾ ಇಲ್ಲ. ಡಂಬಲ್ ರೋ, ಕೇಬಲ್ ಅಥವಾ ಬ್ಯಾಂಡ್ ಹಿಡಿದು ಮುಖದ ಕಡೆಗೆ ಎಳೆಯುವುದು, ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಭುಜವನ್ನು ಹೊರಕ್ಕೆ ತಿರುಗಿಸುವುದು, ಪುಷಪ್ ಸ್ಥಿತಿಯಲ್ಲಿ ನಿಂತು ಭುಜದ ಹಲಗೆ ಮೂಳೆಗಳನ್ನು ಮಾತ್ರ ಮುಂದೆ ಹಿಂದೆ ಮಾಡುವುದು. ಕೊನೆಯದ್ದನ್ನು ಯಾರೂ ಮಾಡುವುದಿಲ್ಲ, ಬಿಲ್ಲು ಹಿಡಿಯುವ ಕೈಯ ಭುಜ ಕೆಳಗೆ ಕೂತಿರಬೇಕಾದರೆ ಆ ಸ್ನಾಯುವೇ ಬೇಕು.

ಹಳೆಬಿಲ್ಲು:
ಕಬ್ಬಿಣದ ಗೆಳೆಯರ ಮಾತು ಬಹುಪಾಲು ಒಪ್ಪುತ್ತೇನೆ. ಒಂದು ಕಡೆ ಮಾತ್ರ ಒಪ್ಪುವುದಿಲ್ಲ. ರೇಂಜ್ ಮುಗಿದ ಮೇಲೆ ಅದೇ ದಿನ ಬೆನ್ನಿನ ಭಾರ ಅನ್ನುವುದು ಹಗಲು ಆಫೀಸು ಮಾಡಿ ಬಂದವರಿಗೆ ಸರಿಹೋಗುವುದಿಲ್ಲ. ಆ ಹೊತ್ತಿಗೆ ಭುಜ ಸೋತಿರುತ್ತದೆ, ಗಮನವೂ ಸೋತಿರುತ್ತದೆ. ಪುಲ್ಲಪ್, ಡೆಡ್‌ಲಿಫ್ಟ್ ಅಂತೂ ಬೇಡವೇ ಬೇಡ. ಹೆದೆ ನಿಂತಿರುವುದು ಮೂರು ಬೆರಳ ಮೇಲೆ. ಮುಂಗೈ ಗಟ್ಟಿಯಾಗಿ ಬಿಗಿದುಕೊಂಡರೆ ರಿಲೀಸ್ ಹೊತ್ತಿಗೆ, ಅಂದರೆ ಹೆದೆ ಬಿಡುವಾಗ, ಬೆರಳು ಸಡಿಲಾಗುವುದಿಲ್ಲ, ಹೆದೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಬಾಣ ಎಡಕ್ಕೋ ಬಲಕ್ಕೋ ಹೋಗುತ್ತದೆ. ಮರುದಿನವೂ ಆ ಬಿಗಿತ ಉಳಿಯುತ್ತದೆ.

ಕಬ್ಬಿಣದ ಗೆಳೆಯ:
ಮುಂಗೈ ವಿಷಯದಲ್ಲಿ ನೀವು ಹೇಳುವುದು ಸರಿ. ಡೆಡ್‌ಲಿಫ್ಟ್ ಮಾಡುವವರು ಕೈಗೆ ಪಟ್ಟಿ ಕಟ್ಟಿಕೊಂಡರೆ ಹಿಡಿತದ ಮೇಲಿನ ಹೊರೆ ಇಳಿಯುತ್ತದೆ. ಆದರೆ ಒಂದೇ ದಿನ ಎರಡೂ ಮುಗಿಸಿ ಮರುದಿನ ಪೂರ್ತಿ ಬಿಡುವು ಕೊಡುವುದು ನನಗೆ ಈಗಲೂ ಇಷ್ಟ. ವಾರದಲ್ಲಿ ಎಲ್ಲ ದಿನವೂ ಅರ್ಧರ್ಧ ದಣಿಯುವುದಕ್ಕಿಂತ ಕೆಲವು ದಿನ ಚೆನ್ನಾಗಿ ದಣಿದು ಕೆಲವು ದಿನ ಚೆನ್ನಾಗಿ ಆರಾಮ ಮಾಡುವುದು ವಾಸಿ. ಮನೆಯವರ ಜೊತೆ ಕಳೆಯಲು ಪೂರ್ತಿ ಸಂಜೆಗಳು ಸಿಗುತ್ತವೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಕಾರಣ.

ಕೀಲುನೋವು ನೋಡುವವಳು:
ನಾನು ಫಿಸಿಯೋಥೆರಪಿ ಕೆಲಸದಲ್ಲಿದ್ದೇನೆ, ಬಿಲ್ಲೂ ಹಿಡಿಯುತ್ತೇನೆ. ಒಂದು ಎಚ್ಚರಿಕೆ ಹೇಳಲೇಬೇಕು. ದಣಿವು ಬೇರೆ, ನೋವು ಬೇರೆ.

ದಣಿವು ಅಂದರೆ ಎರಡೂ ಕಡೆ ಬೆನ್ನು ಭಾರ, ಸ್ನಾಯು ಬಿಸಿ, ಮಲಗಿ ಎದ್ದರೆ ಕಡಿಮೆ. ನೋವು ಅಂದರೆ ಭುಜದ ಮುಂಭಾಗದಲ್ಲೋ ತುದಿಯಲ್ಲೋ ಒಂದು ಕಡೆ ಬೆರಳಿಟ್ಟು ತೋರಿಸುವ ಹಾಗೆ ಚುಚ್ಚುವುದು, ಕೈ ಮೇಲೆತ್ತುವಾಗ ಮಧ್ಯದಲ್ಲಿ ಹಿಡಿದುಕೊಳ್ಳುವುದು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿರುವುದು. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು ಕೂಡ ಈ ಪಟ್ಟಿಗೇ ಸೇರುತ್ತದೆ. ಇವು ಬಂದ ದಿನ ಬಿಲ್ಲು ಕೆಳಗಿಡಿ. ಹಾಗೇ ಉಳಿದರೆ ತೋರಿಸಿ. ಇನ್ನೊಂದು ಸುತ್ತು ಹೊಡೆದು ನೋಡೋಣ ಅನ್ನಬೇಡಿ.

ಸಂಜೆಬಾಣ ಅವರೇ, ನೀವು ಬರೆದದ್ದರಲ್ಲಿ ನನಗೆ ಕಂಡದ್ದು "ಉಸಿರು ಬಿಗಿ ಹಿಡಿದು ಎಳೆಯಬೇಕಾಗುತ್ತದೆ" ಅನ್ನುವ ಮಾತು. ಬೆನ್ನಿನ ಸ್ನಾಯು ಸೋತಾಗ ಶರೀರ ಬೇರೆ ದಾರಿ ಹುಡುಕುತ್ತದೆ. ಬಿಲ್ಲು ಹಿಡಿದ ಕೈಯ ಭುಜ ಕಿವಿಯ ಕಡೆಗೆ ಏರುತ್ತದೆ, ಎಳೆಯುವ ಕೈಯಲ್ಲಿ ಬೆನ್ನಿನ ಬದಲು ತೋಳು ಎಳೆಯುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ. ಭುಜ ಏರಿದಾಗ ತೋಳಿನ ಮೂಳೆಗೂ ಅದರ ಮೇಲಿನ ಮೂಳೆಗೂ ನಡುವೆ ಇರುವ ಜಾಗ ಕಿರಿದಾಗುತ್ತದೆ. ಅಲ್ಲಿರುವ ಸ್ನಾಯುರಜ್ಜು ಸಿಕ್ಕಿಕೊಳ್ಳುತ್ತದೆ. ಬಿಲ್ಲುಗಾರರ ಭುಜನೋವಿಗೆ ಇದೊಂದು ದೊಡ್ಡ ಕಾರಣ. ಆದ್ದರಿಂದ ಗುಂಪು ಚದುರಿದ ಮೇಲೆ ಹೊಡೆಯುವ ಬಾಣಗಳು ಬರೀ ಗುರಿ ತಪ್ಪುವುದಿಲ್ಲ, ತಪ್ಪು ಎಳೆತವನ್ನೇ ಶರೀರಕ್ಕೆ ಕಲಿಸುತ್ತವೆ.

ಕಂಪ್ಯೂಟರ್ ಕೆಲಸದವರಿಗೆ ಇನ್ನೊಂದು ಮಾತು. ಹಗಲೆಲ್ಲ ಭುಜ ಮುಂದಕ್ಕೆ ಬಾಗಿ, ಎದೆಯ ಸ್ನಾಯು ಕುಗ್ಗಿ, ಕುತ್ತಿಗೆ ಮುಂದೆ ಚಾಚಿ ಕೂತು ಸೀದಾ ರೇಂಜಿಗೆ ಬರುತ್ತೀರಿ. ಬಿಲ್ಲು ಕೇಳುವುದು ಇದರ ತದ್ವಿರುದ್ಧ. ಬಂದ ತಕ್ಷಣ ಬಿಲ್ಲು ಎತ್ತಬೇಡಿ. ಹತ್ತು ಹನ್ನೆರಡು ನಿಮಿಷ ಕೈ ತಿರುಗಿಸಿ, ಬೆನ್ನಿನ ಮೇಲ್ಭಾಗವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಹಗುರ ಬ್ಯಾಂಡ್ ಎಳೆಯಿರಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಕೈಗಳನ್ನು ಗೋಡೆಗೆ ತಾಗಿಸಿಕೊಂಡೇ ಮೇಲೆ ಕೆಳಗೆ ಮಾಡಿ. ಆಫೀಸಿನಲ್ಲೂ ಗಂಟೆಗೊಮ್ಮೆ ಎದ್ದು ಭುಜವನ್ನು ಹಿಂದಕ್ಕೆ ಕೆಳಕ್ಕೆ ಎಳೆದು ಬಿಡಿ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಪುಟ್ಟಿಯ ಅಮ್ಮ:
ಇಲ್ಲಿ ಎಲ್ಲರೂ ವಾರಕ್ಕೆ ಮೂರು ದಿನ, ನಾಲ್ಕು ದಿನ ರೇಂಜ್ ಅಂತ ಮಾತಾಡುತ್ತಿದ್ದೀರಿ. ನನ್ನಂಥವರ ಬಗ್ಗೆಯೂ ಹೇಳಿ. ಮಗು ಚಿಕ್ಕದು, ರೇಂಜಿಗೆ ವಾರಕ್ಕೊಮ್ಮೆ ಹೋದರೆ ಪುಣ್ಯ. ಮಗು ಮಲಗಿದ ಮೇಲೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಏನು ಮಾಡಿದರೆ ಕೈ ತಪ್ಪಿಹೋಗದೆ ಉಳಿಯುತ್ತದೆ?

ಹಳೆಬಿಲ್ಲು:
ತಾಯಿ, ಆ ಸ್ವಲ್ಪ ಹೊತ್ತು ಕಡಿಮೆಯದಲ್ಲ. ಮನೆಯಲ್ಲಿ ಬಾಣ ಬೇಡ. ಹಿಡಿದು ನಿಲ್ಲುವ ಅಭ್ಯಾಸ ಮಾಡಿ.

ಬಿಲ್ಲನ್ನು ಬಾಣ ಇಲ್ಲದೆ ಪೂರ್ತಿ ಎಳೆದು, ಆಂಕರ್‌ಗೆ ತಂದು, ಸರಿಯಾದ ಭಂಗಿಯಲ್ಲಿ 15ರಿಂದ 30 ಸೆಕೆಂಡ್ ಹಿಡಿಯಿರಿ. ಆಮೇಲೆ ನಿಧಾನಕ್ಕೆ ಇಳಿಸಿ. ಹಿಡಿದದ್ದರ ಎರಡರಷ್ಟು ಹೊತ್ತು ಸುಧಾರಿಸಿಕೊಳ್ಳಿ. ಮತ್ತೆ ಎಳೆಯಿರಿ. ಭಂಗಿ ಕೆಟ್ಟ ಕ್ಷಣಕ್ಕೆ ನಿಲ್ಲಿಸಿ. ಗುರಿಗೆ ಬಾಣ ಬಿಡುವಾಗ ಹಿಡಿಯುವುದು ಕೆಲವೇ ಸೆಕೆಂಡ್ ಆದ್ದರಿಂದ, ಇಷ್ಟು ಹೊತ್ತು ಹಿಡಿದು ರೂಢಿಯಾದವರಿಗೆ ರೇಂಜಿನಲ್ಲಿ ಬಿಲ್ಲು ಹಗುರ ಅನ್ನಿಸುತ್ತದೆ. ಕನ್ನಡಿ ಇದ್ದರೆ ಪಕ್ಕದಲ್ಲಿ ಇಟ್ಟುಕೊಳ್ಳಿ, ಭುಜ ಏರುವುದು ಅದರಲ್ಲಿ ಕಾಣುತ್ತದೆ.

ಒಂದೇ ಒಂದು ಕಟ್ಟುನಿಟ್ಟು: ಬಾಣ ಇಲ್ಲದೆ ಎಳೆದ ಹೆದೆಯನ್ನು ಯಾವತ್ತೂ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಎಲ್ಲ ಲಿಂಬ್ಸ್‌ಗೆ ವಾಪಸ್ ಬಂದು ಬಿಲ್ಲು ಸೀಳಬಹುದು, ಚೂರು ಕಣ್ಣಿಗೆ ಬೀಳಬಹುದು. ಬೆರಳು ಜಾರುವ ಭಯ ಇದ್ದರೆ ಬಿಲ್ಲು ಬೇಡ, ಬ್ಯಾಂಡ್ ಎಳೆಯಿರಿ. ಕಾಂಪೌಂಡ್ ಬಿಲ್ಲಿನಲ್ಲಂತೂ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಹೀಗೆ ಮಾಡಲೇಬೇಡಿ, ಅದರಲ್ಲಿ ಅಪಾಯ ಇನ್ನೂ ಜಾಸ್ತಿ. ಮಗು ಇರುವ ಮನೆಯಲ್ಲಿ ಬಾಣಗಳು ಬೀಗ ಹಾಕಿದ ಕಡೆ ಇರಲಿ.

ರೇಂಜಿಗೆ ಹೋದ ದಿನ ಮೊದಲ ಸ್ವಲ್ಪ ಹೊತ್ತು ಗುರಿಯ ಕಾಗದವೇ ಇಲ್ಲದೆ, ಹತ್ತಿರದಿಂದ, ಬರೀ ದಿಂಡಿಗೆ (ಬಾಣ ನಾಟುವ ದಪ್ಪ ಹಲಗೆಗೆ) ಹೊಡೆಯಿರಿ. ಅಂಕದ ಚಿಂತೆ ಇಲ್ಲದಿದ್ದಾಗ ಎಳೆತ, ರಿಲೀಸ್, ಫಾಲೋ ಥ್ರೂ (ಬಾಣ ಬಿಟ್ಟ ಮೇಲೂ ಭಂಗಿ ಉಳಿಸುವುದು) ಹೇಗಾಗುತ್ತಿದೆ ಅನ್ನುವುದು ಕೈಗೆ ತಿಳಿಯುತ್ತದೆ. ಕೋಚ್ ಪಕ್ಕದಲ್ಲಿದ್ದರೆ ಕಣ್ಣು ಮುಚ್ಚಿಯೂ ಹೊಡೆಯಬಹುದು.

ಪುಟ್ಟಿಯ ಅಮ್ಮ:
ತುಂಬಾ ಉಪಕಾರ ಆಯಿತು ಸರ್. ಮಗುವನ್ನು ಎತ್ತಿ ಎತ್ತಿ ಎಡಭುಜ ಮೊದಲೇ ದಣಿದಿರುತ್ತದೆ. ಅದನ್ನೂ ಹೊರೆಯ ಲೆಕ್ಕಕ್ಕೆ ಸೇರಿಸಬೇಕು ಅಂತ ಈಗ ಅನ್ನಿಸುತ್ತಿದೆ.

ಕೀಲುನೋವು ನೋಡುವವಳು:
ಖಂಡಿತ ಸೇರಿಸಿ. ಹೆರಿಗೆ ಆಗಿ ಹೆಚ್ಚು ದಿನ ಆಗಿಲ್ಲದಿದ್ದರೆ ಹೊಟ್ಟೆಯ ಸ್ನಾಯು ಇನ್ನೂ ಬಲ ತುಂಬಿಕೊಳ್ಳುತ್ತಿರುತ್ತದೆ. ಉಸಿರು ಬಿಗಿ ಹಿಡಿದು ಎಳೆಯುವ ಬಿಲ್ಲು ಈಗ ಬೇಡ, ಎರಡು ಮೆಟ್ಟಿಲು ಹಗುರದ ಲಿಂಬ್ಸ್ ತೆಗೆದುಕೊಳ್ಳಿ. ಮಗುವನ್ನು ಎರಡೂ ಮಗ್ಗುಲಿಗೆ ಬದಲಿಸಿ ಎತ್ತಿಕೊಳ್ಳಿ.

ಗುರಿಕಾರ:
ಎಲ್ಲರೂ ಕಡಿಮೆ ಮಾಡಿ, ಬಿಡುವು ಕೊಡಿ ಅನ್ನುತ್ತಿದ್ದೀರಿ. ಕೊರಿಯಾದವರನ್ನು ನೋಡಿ. ದಿನಕ್ಕೆ ನೂರಾರು ಬಾಣ ಹೊಡೆಯುತ್ತಾರೆ. ಅವರ ಮಹಿಳಾ ತಂಡ 1988ರಿಂದ 2024ರ ತನಕ ಒಂದೂ ಒಲಿಂಪಿಕ್ಸ್ ಬಿಡದೆ ತಂಡದ ಚಿನ್ನ ಗೆದ್ದಿದೆ. ಪ್ಯಾರಿಸ್ 2024ರ ಪುರುಷರ ಫೈನಲ್‌ನಲ್ಲಿ ಕೊರಿಯಾದ ಕಿಮ್ ವೂ-ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ ಐದು ಸೆಟ್ ಆಡಿ ಸಮ ಆಗಿ, ಕೊನೆಯ ಒಂದೇ ಬಾಣದಲ್ಲಿ ಇಬ್ಬರೂ 10 ಹೊಡೆದು, ಎಲಿಸನ್ ಬಾಣಕ್ಕಿಂತ ಮಧ್ಯಕ್ಕೆ 4.9 ಮಿಲಿಮೀಟರ್ ಹೆಚ್ಚು ಹತ್ತಿರ ಬಿದ್ದ ಬಾಣ ಕಿಮ್‌ಗೆ ಚಿನ್ನ ತಂದುಕೊಟ್ಟಿತು. ಅಷ್ಟು ನಿಖರತೆ ಬಿಡುವಿನಿಂದ ಬರುವುದಿಲ್ಲ, ಬಾಣದ ಸಂಖ್ಯೆಯಿಂದ ಬರುತ್ತದೆ.

ಹಳೆಬಿಲ್ಲು:
ಆ ಪಂದ್ಯ ನೋಡಿ ನನಗೂ ಮೈ ಜುಮ್ಮೆಂದಿತ್ತು. ಆದರೆ ಅವರ ದಿನ ಹೇಗಿರುತ್ತದೆ ಅನ್ನುವುದನ್ನೂ ಜೊತೆಗೆ ನೋಡಬೇಕು. ಅವರಿಗೆ ಬಿಲ್ಲೇ ಕೆಲಸ. ಚಿಕ್ಕಂದಿನಿಂದ ವರ್ಷ ವರ್ಷ ಏರಿಸಿಕೊಂಡು ಬಂದ ಹೊರೆ ಅದು. ಪಕ್ಕದಲ್ಲೇ ಕೋಚ್, ಫಿಸಿಯೋ, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ನಾವು ಎಂಟು ಒಂಬತ್ತು ಗಂಟೆ ಇನ್ನೊಂದು ಕೆಲಸ ಮಾಡಿ, ಉಳಿದ ಶಕ್ತಿಯಲ್ಲಿ ಬಿಲ್ಲು ಎತ್ತುವವರು. ಅವರ ಬಾಣದ ಸಂಖ್ಯೆ ಮಾತ್ರ ಎರವಲು ತಂದು, ಅವರ ಬಿಡುವನ್ನು ತರದೆ ಇದ್ದರೆ ಭುಜ ಒಡೆಯುತ್ತದೆ.

ಸಂಖ್ಯೆ ಬೇಡ ಅಂತ ನಾನು ಹೇಳುತ್ತಿಲ್ಲ. ಏರಿಸಿ, ಆದರೆ ನಿಧಾನಕ್ಕೆ. ಸ್ನಾಯು ಬೇಗ ಬಲವಾಗುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಸ್ನಾಯು ಆಗುತ್ತದೆ ಅಂದಾಗ ರಜ್ಜು ಇನ್ನೂ ತಯಾರಾಗಿರುವುದಿಲ್ಲ. ಹಾಗಾಗಿ ಒಂದೇ ವಾರದಲ್ಲಿ ಬಾಣದ ಸಂಖ್ಯೆಯನ್ನೂ ಪೌಂಡನ್ನೂ ಎರಡನ್ನೂ ಏರಿಸಬಾರದು. ಒಂದನ್ನು ಏರಿಸಿದಾಗ ಇನ್ನೊಂದನ್ನು ಅಲ್ಲೇ ಇಡಬೇಕು, ಸಾಧ್ಯವಾದರೆ ಇಳಿಸಬೇಕು. ಪ್ರತಿ ಮೂರು ನಾಲ್ಕು ವಾರಕ್ಕೆ ಒಂದು ವಾರ ಹಗುರ ಮಾಡಿ. ಒಂದು ಪುಸ್ತಕದಲ್ಲಿ ಆ ದಿನದ ಬಾಣ, ಜಿಮ್, ನಿದ್ದೆ, ಕೆಲಸದ ಒತ್ತಡ ಬರೆದಿಡಿ. ಗುಂಪು ಯಾಕೆ ಚದುರಿತು ಅನ್ನುವುದಕ್ಕೆ ಉತ್ತರ ಬಹಳ ಸಲ ನಿದ್ದೆಯ ಸಾಲಿನಲ್ಲಿ ಸಿಗುತ್ತದೆ.

ಗುರಿಕಾರ:
ಒಪ್ಪಿದೆ. ಎರವಲು ಸಂಖ್ಯೆ ಅನ್ನುವ ಮಾತು ಸರಿಯಾಗಿ ತಾಗಿತು.

ಚಕ್ರದ ಬಿಲ್ಲುಗಾರ:
ನಾನು ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವವನು. ನಮ್ಮ ಪಾಡು ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗಾಲಿಕುರ್ಚಿಯ ಕ್ರೀಡೆಗೂ ಬಿಲ್ಲಿಗೂ ಹಳೆಯ ನಂಟು. 1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಗಾಯಗೊಂಡ ಸೈನಿಕರಿಗೆ ನಡೆಸಿದ ಮೊದಲ ಸ್ಪರ್ಧೆಯೇ ಬಿಲ್ಲಿನದು, 16 ಜನ ಹೊಡೆದಿದ್ದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ 1984ರಲ್ಲಿ ಗಾಲಿಕುರ್ಚಿಯಿಂದಲೇ ಒಲಿಂಪಿಕ್ಸ್‌ನಲ್ಲಿ ಹೊಡೆದರು. ಇರಾನಿನ ಜಹ್ರಾ ನೆಮಾತಿ 2016ರಲ್ಲಿ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಆಡಿದರು.

ವಿಷಯಕ್ಕೆ ಬರುತ್ತೇನೆ. ನನಗೆ ಭುಜವೇ ಕಾಲು. ಎದ್ದಾಗಿನಿಂದ ಚಕ್ರ ತಳ್ಳಬೇಕು, ಕುರ್ಚಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕುರ್ಚಿಗೆ ಕೈ ಮೇಲೆ ಭಾರ ಹಾಕಿ ದಾಟಬೇಕು. ಭುಜ ನೋವಾದರೆ ಉಳಿದವರಿಗೆ ಆಟ ನಿಲ್ಲುತ್ತದೆ, ನನಗೆ ದಿನವೇ ನಿಲ್ಲುತ್ತದೆ. ತಳ್ಳುವುದು ದಿನವಿಡೀ ಸಿಗುವುದರಿಂದ ಜಿಮ್‌ನಲ್ಲಿ ನಾನು ತಳ್ಳುವ ವ್ಯಾಯಾಮ ಮಾಡುವುದೇ ಇಲ್ಲ. ಎಳೆಯುವುದು, ಭುಜವನ್ನು ಹೊರಕ್ಕೆ ತಿರುಗಿಸುವುದು, ಎದೆಯ ಸ್ನಾಯು ಹಿಗ್ಗಿಸುವುದು, ಇಷ್ಟೇ. ಹೊರಗಿನ ಕೆಲಸ ಜಾಸ್ತಿ ಇದ್ದ ದಿನ ಬಾಣ ಕಡಿಮೆ. ಇದು ನನಗೆ ನಿಯಮ, ಬೇಸರದ ವಿಷಯ ಅಲ್ಲ. ದಿನದ ಹೊರೆ ಮೊದಲು ಎಣಿಸಬೇಕು, ಆಮೇಲೆ ಬಾಣ ಎಣಿಸಬೇಕು ಅನ್ನುವುದು ನಡೆಯುವವರಿಗೂ ಅನ್ವಯ ಆಗುತ್ತದೆ ಅಂತ ನನ್ನ ನಂಬಿಕೆ.

ಕಬ್ಬಿಣದ ಗೆಳೆಯ:
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದಿನದ ಕೆಲಸ ನೋಡಿ ಅದು ಕೊಡದಿರುವ ವ್ಯಾಯಾಮವನ್ನು ಆರಿಸುವುದು ಎಲ್ಲರೂ ಮಾಡಬೇಕಾದ್ದು. ನಿಂತು ಕೆಲಸ ಮಾಡುವವರಿಗೆ, ಭಾರ ಹೊರುವವರಿಗೆ, ಕೂತು ಟೈಪ್ ಮಾಡುವವರಿಗೆ ಒಂದೇ ಜಿಮ್ ಪಟ್ಟಿ ಹೇಗೆ ಸರಿಹೋಗುತ್ತದೆ?

ನರೆಗಡ್ಡ:
ನನಗೆ ವಯಸ್ಸಾಗಿದೆ, ಕಾಂಪೌಂಡ್ ಹಿಡಿಯುತ್ತೇನೆ. ರಕ್ತದೊತ್ತಡಕ್ಕೆ ಮಾತ್ರೆ ಇದೆ. ಜಿಮ್ ಬೇಕಾ, ನಡಿಗೆ ಸಾಕಾ? ಊರ ಮಟ್ಟದ ಸ್ಪರ್ಧೆಗಳಿಗೂ ಹೋಗುವ ಆಸೆ ಇದೆ.

ಕೀಲುನೋವು ನೋಡುವವಳು:
ನಮಸ್ಕಾರ ಹಿರಿಯರೇ. ಕಾಂಪೌಂಡ್ ನಿಮಗೆ ಒಳ್ಳೆಯ ಆಯ್ಕೆ. ಪೂರ್ತಿ ಎಳೆದ ಮೇಲೆ ಅದರ ಭಾರ ಇಳಿಯುತ್ತದೆ. 80 ಪ್ರತಿಶತ ಇಳಿಸುವ ಬಿಲ್ಲಾದರೆ 50 ಪೌಂಡ್ ಎಳೆದರೂ ಹಿಡಿದಿರುವುದು 10 ಪೌಂಡ್ ಮಾತ್ರ. ಆದರೆ ಮಧ್ಯದಲ್ಲಿ ಆ 50 ಪೌಂಡ್ ದಾಟಲೇಬೇಕು. ಬಿಲ್ಲನ್ನು ಆಕಾಶಕ್ಕೆ ಎತ್ತಿ ಜಗ್ಗದೆ, ಗುರಿಯ ನೇರಕ್ಕೆ ಇಟ್ಟು ಆರಾಮವಾಗಿ ಎಳೆಯಲು ಬರುವಷ್ಟು ಮಾತ್ರ ಪೌಂಡ್ ಇಟ್ಟುಕೊಳ್ಳಿ. ಉಸಿರು ಕಟ್ಟಿ ಎಳೆದರೆ ಆ ಹೊತ್ತಿಗೆ ರಕ್ತದೊತ್ತಡ ಏರುತ್ತದೆ.

ನಡಿಗೆ ತುಂಬಾ ಮುಖ್ಯ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುತ್ತದೆ. 65 ದಾಟಿದವರಿಗೆ ಸಮತೋಲನದ ವ್ಯಾಯಾಮವನ್ನೂ ಸೇರಿಸುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದು ಬಿಲ್ಲಿಗೂ ಒಳ್ಳೆಯದೇ.

ಮಾತ್ರೆ ಬಗ್ಗೆ ಒಂದು ವಿಷಯ. ರಕ್ತದೊತ್ತಡದ ಮಾತ್ರೆಗಳಲ್ಲಿ ಬೀಟಾ ಬ್ಲಾಕರ್ ಅನ್ನುವ ಒಂದು ಬಗೆ ಇದೆ. ಅದು ಎದೆಬಡಿತ ನಿಧಾನ ಮಾಡುತ್ತದೆ, ಕೈ ನಡುಕ ಇಳಿಸುತ್ತದೆ. ಅದಕ್ಕೇ ಬಿಲ್ಲಿನ ಆಟದಲ್ಲಿ ಅದಕ್ಕೆ ನಿಷೇಧ ಇದೆ, ಸ್ಪರ್ಧೆಯ ದಿನ ಮಾತ್ರ ಅಲ್ಲ, ಉಳಿದ ದಿನಗಳಲ್ಲೂ. ನಿಮ್ಮ ಮಾತ್ರೆ ಯಾವುದು ಅಂತ ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ಚಿಕಿತ್ಸೆಗೆ ಬೇಕೇ ಬೇಕು ಅಂದರೆ ವಿನಾಯಿತಿಗೆ ಅರ್ಜಿ ಹಾಕುವ ದಾರಿ ಇದೆ, ಸ್ಪರ್ಧೆ ನಡೆಸುವವರನ್ನು ಮೊದಲೇ ವಿಚಾರಿಸಿ.

ರಾತ್ರಿಪಾಳಿ:
ರಾತ್ರಿ ಪಾಳಿ ಇರುವವರಿಗೆ ಏನಾದರೂ ಇದೆಯಾ? ವಾರ ವಾರ ಪಾಳಿ ಬದಲಾಗುತ್ತದೆ, ಸೋಮವಾರ ಇದು ಮಂಗಳವಾರ ಅದು ಅನ್ನುವ ಪಟ್ಟಿ ನನಗೆ ಕೂಡಿಬರುವುದಿಲ್ಲ.

ಕಬ್ಬಿಣದ ಗೆಳೆಯ:
ವಾರದ ಹೆಸರು ಬಿಡಿ, ಸರದಿ ಇಟ್ಟುಕೊಳ್ಳಿ. ಬಿಲ್ಲು, ಕಾಲು, ಬಿಡುವು, ಬಿಲ್ಲು, ಬೆನ್ನು, ಬಿಡುವು. ಬಿಲ್ಲಿನ ಮೊದಲು ಯಾವಾಗಲೂ ಕಾಲಿನ ದಿನವೋ ಬಿಡುವೋ ಇರಬೇಕು, ಅಷ್ಟು ಉಳಿಸಿಕೊಂಡರೆ ಸಾಕು. ಒಂದು ತಪ್ಪಿದರೆ ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ, ತಪ್ಪಿದ್ದನ್ನು ತುಂಬಲು ಎರಡು ಸೇರಿಸಬೇಡಿ. ಪಾಳಿ ಬದಲಾಗುವ ಮೊದಲ ದಿನ ಭಾರವೂ ಬೇಡ, ಅಂಕ ಎಣಿಸುವ ಸುತ್ತೂ ಬೇಡ. ನಿದ್ದೆ ಏಳು ಗಂಟೆಗಿಂತ ತುಂಬಾ ಕಡಿಮೆಯಾದ ದಿನ ಹತ್ತಿರದಿಂದ ಬರೀ ದಿಂಡಿಗೆ ಹೊಡೆದು ಮನೆಗೆ ಹೋಗಿ. ಎಚ್ಚರ ಇರಲು ಕುಡಿಯುವ ಕಾಫಿ ಕೆಲವರಿಗೆ ಕೈ ನಡುಕ ತರುತ್ತದೆ, ಅದನ್ನೂ ಗಮನಿಸಿ.

ಸಂಜೆಬಾಣ:
ಎಲ್ಲರಿಗೂ ಧನ್ಯವಾದ. ತಕ್ಕಡಿ ಹಾಕಿಸಿ ನೋಡಿದೆ. ನನ್ನ ಎಳೆತ 28 ಇಂಚಿಗಿಂತ ಉದ್ದ ಇದೆ, ಬೆರಳಿಗೆ 30 ಪೌಂಡ್ ಬರುತ್ತಿದೆ! ಜಿಮ್‌ನಲ್ಲಿ ಭುಜದ ದಿನವನ್ನು ರೇಂಜಿನಿಂದ ದೂರ ಇಟ್ಟಿದ್ದೇನೆ, ರೇಂಜಿನ ಹಿಂದಿನ ದಿನ ಕಾಲು ಮಾತ್ರ. ಒಂದು ಸಂಜೆ ಪೂರ್ತಿ ಮನೆಗೆ ಉಳಿಸಿಕೊಂಡಿದ್ದೇನೆ. ಗುಂಪು ಚದುರಿದ ಕೂಡಲೇ ನಿಲ್ಲಿಸುವುದು ಮಾತ್ರ ಕಷ್ಟ, ಜೊತೆಯವರು ಇನ್ನೂ ಹೊಡೆಯುತ್ತಿರುತ್ತಾರಲ್ಲ. ಎರಡು ಪ್ರಶ್ನೆ ಉಳಿದಿವೆ. 32 ಪೌಂಡ್‌ಗೆ ಯಾವಾಗ ಹೋಗಬಹುದು? ಸ್ಪರ್ಧೆಯ ವಾರ ಜಿಮ್ ಏನು ಮಾಡಬೇಕು?

ಹಳೆಬಿಲ್ಲು:
ಜೊತೆಯವರು ಹೊಡೆಯುವಾಗ ನೀವು ಬಿಲ್ಲು ಇಳಿಸಿ ಅವರ ಬಾಣಗಳನ್ನು ದೂರದರ್ಶಕದಲ್ಲಿ ನೋಡಿ ಹೇಳಿ, ಅವರಿಗೂ ಸಹಾಯ ಆಗುತ್ತದೆ, ನಿಮಗೂ ಕಣ್ಣು ಪಳಗುತ್ತದೆ.

ಪೌಂಡ್ ಬಗ್ಗೆ ನನ್ನ ಅಳತೆ ಇದು. 72 ಬಾಣದ ಕೊನೆಯ ಎರಡು ಸರದಿ (ಸರದಿಗೆ 6 ಬಾಣ) ಮೊದಲ ಎರಡರ ಹಾಗೇ ಇರಬೇಕು. ಅಂಕ ಅಲ್ಲ, ಎಳೆತ. ಕ್ಲಿಕ್ಕರ್ ಬೀಳಲು ಅಷ್ಟೇ ಹೊತ್ತು, ಭುಜ ಅಷ್ಟೇ ಕೆಳಗೆ. ಅದು ಒಂದು ಒಳ್ಳೆಯ ದಿನ ಮಾತ್ರ ಅಲ್ಲ, ಆಫೀಸಿನಲ್ಲಿ ದಣಿದು ಬಂದ ದಿನವೂ ಆಗಬೇಕು. ಆಗ ಏರಿಸಿ. ಏರಿಸುವಾಗ ಸಲಕ್ಕೆ 2 ಪೌಂಡ್ ಸಾಕು. ನಿಮ್ಮ ಬಿಲ್ಲಿನಲ್ಲಿ ಲಿಂಬ್ ಬೋಲ್ಟ್ ತಿರುಗಿಸಿ ಸ್ವಲ್ಪ ಏರಿಸಲು ಬರುತ್ತದಾ ಅಂತ ಕೋಚ್ ಹತ್ತಿರ ಕೇಳಿ, ಹೊಸ ಲಿಂಬ್ಸ್ ಬೇಕಾಗದೇ ಇರಬಹುದು. ಬೋಲ್ಟ್ ತಿರುಗಿಸಿದ ಮೇಲೆ ಟಿಲ್ಲರ್ (ಮೇಲಿನ, ಕೆಳಗಿನ ಲಿಂಬ್‌ನಿಂದ ಹೆದೆಗಿರುವ ದೂರದ ವ್ಯತ್ಯಾಸ), ಬ್ರೇಸ್ ಹೈಟ್ (ಬಿಲ್ಲಿನ ಹಿಡಿಯಿಂದ ಹೆದೆಗಿರುವ ದೂರ) ಮತ್ತೆ ನೋಡಬೇಕು, ಬಾಣದ ಗಡಸುತನ ಹೊಂದುತ್ತದಾ ಅನ್ನುವುದನ್ನೂ. ಏರಿಸಿದ ವಾರ ಬಾಣಗಳ ಸಂಖ್ಯೆ ಇಳಿಸಿ, ಜಿಮ್‌ನಲ್ಲಿ ಬೆನ್ನಿನ ಭಾರವನ್ನೂ ಇಳಿಸಿ.

ಸ್ಪರ್ಧೆಯ ವಾರ ಜಿಮ್‌ಗೆ ಹೋಗಿ, ಹೊಸದೇನೂ ಮಾಡಬೇಡಿ. ವಾರದ ಮೊದಲಲ್ಲಿ ಒಂದು ಸಲ, ಯಾವಾಗಲೂ ಮಾಡುವ ವ್ಯಾಯಾಮಗಳೇ, ಅರ್ಧ ಸಂಖ್ಯೆ. ಆಮೇಲೆ ಬರೀ ನಡಿಗೆ, ಬ್ಯಾಂಡ್. ಬಾಣಗಳನ್ನೂ ದಿನ ದಿನಕ್ಕೆ ಕಡಿಮೆ ಮಾಡುತ್ತಾ ಬನ್ನಿ, ಪೂರ್ತಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಎಳೆತದ ಹದ ಕೈತಪ್ಪುತ್ತದೆ. ಹಿಂದಿನ ದಿನ ಕೆಲವೇ ಸರದಿ ಹೊಡೆದು ಬಿಲ್ಲು ಚೀಲಕ್ಕೆ ಹಾಕಿ. ಹೆಚ್ಚುವರಿ ಹೆದೆ, ಫಿಂಗರ್ ಟ್ಯಾಬ್ (ಹೆದೆ ಎಳೆಯುವ ಬೆರಳು ಕಾಯುವ ಪಟ್ಟಿ) ಜೊತೆಗಿರಲಿ, ಎರಡನ್ನೂ ಮೊದಲೇ ಬಳಸಿ ಪಳಗಿಸಿರಬೇಕು. ಹೊಚ್ಚಹೊಸ ಟ್ಯಾಬ್ ಹಾಕಿ ಸ್ಪರ್ಧೆಗೆ ಇಳಿಯಬೇಡಿ.

ಸಂಜೆಬಾಣ:
ಸರಿ ಸರ್. ಹಾಗಾದರೆ ಈಗಿರುವ ಲಿಂಬ್ಸ್‌ನಲ್ಲೇ ಮುಂದುವರಿಯುತ್ತೇನೆ. ಟಿಲ್ಲರ್ ನೋಡುವುದನ್ನು ಇನ್ನೂ ಕಲಿತಿಲ್ಲ, ಮುಂದಿನ ರೇಂಜ್ ದಿನ ಕೋಚ್ ಹತ್ತಿರ ಕೇಳಿ ಅಳತೆ ಇಲ್ಲಿ ಹಾಕುತ್ತೇನೆ, ಸರಿ ಇದೆಯಾ ಅಂತ ನೋಡಿ ಹೇಳಿ.